ಒಂದೇ ಮಗ್ಗುಲಿನ ಹಡಗು

ಪುಟ್ಟಿ ಕಂಡರೆ ನನಗೆ ವಾಕರಿಕೆ ಬರುತ್ತದೆ. ಗೋಡೆಗೆ ಮೆತ್ತಿಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಮೇಜಿನ ಮೇಲಿಡುವ ಮಾದರಿ ಹಡಗಿನ ಮರದ ಪಟ್ಟಿಗಳ ನಡುವೆ ಸಂದು ಬಿಟ್ಟು, ಆ ಸಂದಿಗೆ ಪುಟ್ಟಿ ತುಂಬಿ, ಮೇಲೊಂದು ಕೋಟು ಬಣ್ಣ ಬಳಿದು, ಹೇಗಿದೆ ನನ್ನ ಕೈಚಳಕ ಎಂದು ಹಲ್ಲು ಕಿರಿಯುವವರನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ. ಮೂವತ್ತೊಂದು ವರ್ಷ ನಾನು ಮಾಡಿದ್ದು ಕಟ್ಟುಹಲ್ಲಿನ ಕೆಲಸ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ನಾನು ಹಲ್ಲಿನ ಸೆಟ್ಟು ಮಾಡಿ ಕಳಿಸುತ್ತಿದ್ದೆ. ಅದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಯಾರದೋ ವಸಡು ಹುಣ್ಣಾಗುತ್ತದೆ. ಅಲ್ಲಿ ಪುಟ್ಟಿಯ ಆಟ ನಡೆಯುವುದಿಲ್ಲ.

ನನಗೆ ಹಡಗಿನ ಹುಚ್ಚು ಹತ್ತಿಸಿದ್ದು ಅಣ್ಣ. ಅವನು ಅಂಗಡಿಗಳ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡುತ್ತಿದ್ದವನು. ಬೆಳಗಿನಿಂದ ಸಂಜೆಯವರೆಗೆ ಎರಡು ತಟ್ಟೆ ಸಮ ನಿಲ್ಲಿಸುವುದೇ ಅವನ ಕೆಲಸ. ಮನೆಗೆ ಬಂದು ಕೈ ತೊಳೆದ ಮೇಲೆ ಹಡಗು ಜೋಡಿಸುವ ಕಿಟ್ಟಿನ ಡಬ್ಬಿ ಬಿಚ್ಚುತ್ತಿದ್ದ. ಡಬ್ಬಿಯಲ್ಲಿ ಬೆನ್ನೆಲುಬಿನ ಹಾಗೆ ಒಂದು ಉದ್ದ ಹಲಗೆ, ಅದಕ್ಕೆ ಸಿಕ್ಕಿಸಲು ನಂಬರು ಹಾಕಿದ ಪಕ್ಕೆಲುಬುಗಳು, ಮೇಲೆ ಹೊದಿಸಲು ಬೆರಳಗಲಕ್ಕೂ ಕಮ್ಮಿಯ ತೆಳು ಪಟ್ಟಿಗಳ ಕಟ್ಟು ಇರುತ್ತಿದ್ದವು. ಪಟ್ಟಿಯನ್ನು ನೀರಲ್ಲಿ ನೆನೆಸಿ, ಬಗ್ಗಿಸಿ, ಪಕ್ಕೆಲುಬಿಗೆ ಅಂಟಿಸಬೇಕು. ಮುಖ್ಯವಾದ ಮಾತು ಒಂದೇ. ಬಲಗಡೆ ಒಂದು ಪಟ್ಟಿ ಅಂಟಿಸಿದರೆ ಮುಂದಿನದು ಎಡಗಡೆ. ಒಂದೇ ಮಗ್ಗುಲಿಗೆ ಅಂಟಿಸುತ್ತ ಹೋದರೆ ಒಣಗುವಾಗ ಪಟ್ಟಿಗಳು ಜಗ್ಗಿ ಬೆನ್ನೆಲುಬೇ ಸೊಟ್ಟಗಾಗುತ್ತದೆ. ನಾನು ಮೊದಲ ಹಡಗಿಗೆ ಕೈ ಹಾಕಿದಾಗ ಅಣ್ಣ ಪಕ್ಕದಲ್ಲಿ ಕುಳಿತು, ‘ಬಲಕ್ಕೊಂದು, ಎಡಕ್ಕೊಂದು’ ಎಂದು ಅದೆಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಮರೆತರೆ ಬೆರಳಿಗೆ ಸ್ಕೇಲಿನಿಂದ ತಟ್ಟುತ್ತಿದ್ದ.

ಅವನ ಹಡಗುಗಳಲ್ಲಿ ಸಂದು ಹುಡುಕಲು ಭೂತಗನ್ನಡಿ ಬೇಕಾಗುತ್ತಿತ್ತು. ಪ್ರತಿ ಶನಿವಾರ ಲೈಬ್ರರಿಯ ಮಹಡಿಯ ಮೇಲೆ ಸೇರುವ ನಮ್ಮ ಹಡಗಿನ ಸಂಘದಲ್ಲಿ ಅವನ ಮಾತೇ ಕೊನೆಯ ಮಾತು. ಮಿಕ್ಕವರ ಬಗ್ಗೆ ಹೇಳದಿರುವುದೇ ವಾಸಿ. ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದಾರೆ, ಸಂಘಕ್ಕೆಲ್ಲ ಅವರು ಪುಟ್ಟಿ ಮೇಷ್ಟ್ರು. ಅವರ ಹಡಗಿನಲ್ಲಿ ಮರಕ್ಕಿಂತ ಪುಟ್ಟಿಯೇ ಜಾಸ್ತಿ, ಸಮುದ್ರಕ್ಕಿಳಿಸಿದರೆ ಕರಗಿಹೋಗುತ್ತದೆ ಎಂದು ನಾನು ಅವರೆದುರಿಗೇ ಹೇಳಿದ್ದೇನೆ. ಪಾಪ, ಅವರು ನಗುತ್ತಾರೆ. ಹಾಗೆ ನಗುವುದು ಕಂಡರೂ ನನಗೆ ಅಸಹ್ಯವೇ.

ಹೋದ ವರ್ಷ ಅಣ್ಣನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲುತ್ತಿತ್ತು, ಅರ್ಥವಾಗುತ್ತಿತ್ತು. ನಾನು ಭಾನುವಾರ ಭಾನುವಾರ ಹೋಗಿ ಬರುತ್ತಿದ್ದೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಆ ಕೋಣೆ ನನಗೆ ಆಗುತ್ತಿರಲಿಲ್ಲ. ಫಿನಾಯಿಲು, ಮುಲಾಮು, ಒದ್ದೆ ಹಾಸಿಗೆಯ ವಾಸನೆ, ಅಣ್ಣನ ಬಾಯಿಯ ಒಂದು ಮೂಲೆಯಿಂದ ಇಳಿಯುವ ಜೊಲ್ಲು. ಅತ್ತಿಗೆ ಅದನ್ನು ಸೆರಗಿನಲ್ಲೇ ಒರೆಸಿಬಿಡುತ್ತಿದ್ದರು. ಊರವರ ಬಾಯಿಯ ಅಚ್ಚಿನಲ್ಲಿ ಮೂವತ್ತು ವರ್ಷ ಕೈಯಾಡಿಸಿದವನಿಗೆ ಒಡಹುಟ್ಟಿದವನ ಜೊಲ್ಲು ನೋಡಲಾಗುತ್ತಿರಲಿಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು, ಉಸಿರು ಬಿಗಿಹಿಡಿದು ಎರಡು ಮಾತಾಡಿ ಎದ್ದುಬಿಡುತ್ತಿದ್ದೆ. ಮಂಚದ ಪಕ್ಕದ ಮೇಜಿನ ಮೇಲೆ ಟವೆಲು ಮುಚ್ಚಿದ ಏನೋ ಒಂದು ಇರುತ್ತಿತ್ತು. ಹಡಗು ಎಂದು ಗೊತ್ತಾಗುತ್ತಿತ್ತು. ಅಣ್ಣ ತೋರಿಸಲಿಲ್ಲ, ನಾನು ಕೇಳಲಿಲ್ಲ.

ಎಂಟು ತಿಂಗಳು ನರಳಿ ಹೋದ.

ಕರ್ಮಾಂತರವೆಲ್ಲ ಮುಗಿದು ಒಂದು ತಿಂಗಳಾದ ಮೇಲೆ ಅತ್ತಿಗೆ ಕರೆಸಿದರು. ಆ ಟವೆಲಿನ ಸಮೇತ ಹಡಗನ್ನು ನನ್ನ ತೊಡೆಯ ಮೇಲಿಟ್ಟರು. ಸಂಘದ ಪ್ರದರ್ಶನಕ್ಕೆ ಇದನ್ನು ಇಡಬೇಕೆಂದು ಅಣ್ಣನಿಗೆ ಆಸೆಯಿತ್ತಂತೆ. ಪ್ರದರ್ಶನಕ್ಕೆ ಇನ್ನು ಆರು ವಾರವಿತ್ತು.

“ಇರೋದನ್ನ ಹಾಗೇ ಇಟ್ಟು, ಉಳಿದಿದ್ದನ್ನ ಮುಗಿಸಿಕೊಡಪ್ಪಾ” ಎಂದರು. ಇನ್ನೂ ಏನೋ ಹೇಳಲು ಬಾಯಿ ತೆರೆದರು. ಈ ಕೆಲಸದ ವಿಷಯ ನನಗೆ ಬಿಡಿ ಎಂದು ನಾನು ಎದ್ದೆ. ತಕ್ಕಡಿ ರಿಪೇರಿಯವನನ್ನು ಕಟ್ಟಿಕೊಂಡು ನಲವತ್ತು ವರ್ಷ ಬಾಳಿದರೂ ಅವರಿಗೆ ಸ್ಕ್ರೂ ಯಾವ ಕಡೆ ತಿರುಗಿಸಬೇಕೆಂದು ತಿಳಿಯದು ಎಂಬುದು ನಮ್ಮ ಮನೆಯ ಹಳೆಯ ತಮಾಷೆ.

ಮನೆಗೆ ತಂದು ಟವೆಲು ತೆಗೆದೆ.

ಒಂದು ಮಗ್ಗುಲಿಗೆ ಮೇಲಿನಿಂದ ಕೆಳಗಿನವರೆಗೆ ಪಟ್ಟಿ ಅಂಟಿಸಿತ್ತು. ಇನ್ನೊಂದು ಮಗ್ಗುಲಲ್ಲಿ ಎರಡೇ ಎರಡು. ಹಡಗು ಬಾಳೆಹಣ್ಣಿನ ಹಾಗೆ ಬಾಗಿತ್ತು. ಪಟ್ಟಿಯ ತುದಿ ಪಟ್ಟಿಗೆ ಕೂಡಿರಲಿಲ್ಲ, ಸಂದಿಯಲ್ಲೆಲ್ಲ ಪುಟ್ಟಿ ಬಡಿದಿತ್ತು. ಅಂಟು ಸುರಿದು, ಇಳಿದು, ಹಳದಿ ಕೀವಿನ ಹಾಗೆ ಗಟ್ಟಿಯಾಗಿತ್ತು. ಒಂದು ಕಡೆ ಆ ಅಂಟಿನಲ್ಲಿ ಹೆಬ್ಬೆರಳಿನ ಗುರುತು, ಇನ್ನೊಂದು ಕಡೆ ಉದ್ದದ ಒಂದು ನರೆಗೂದಲು ಸಿಕ್ಕಿಕೊಂಡು ಹಾಗೇ ಒಣಗಿತ್ತು. ಊಟದ ತಟ್ಟೆಯಲ್ಲಿ ಕೂದಲು ಸಿಕ್ಕವರ ಹಾಗೆ ನಾನು ಕೈ ಹಿಂದಕ್ಕೆ ತೆಗೆದೆ.

ಇದನ್ನು ಮೇಜಿನ ಮೇಲಿಟ್ಟು, ಮುಂದೆ ಅಣ್ಣನ ಹೆಸರಿನ ಹಿತ್ತಾಳೆ ಪಟ್ಟಿ ಇಡುವುದೇ? ಪುಟ್ಟಿ ಮೇಷ್ಟ್ರು ಬಗ್ಗಿ ನೋಡಿ ನಗುವುದೇ? ಬದುಕೆಲ್ಲ ಸಂಪಾದಿಸಿದ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಗುತ್ತಿತ್ತು. ಅಣ್ಣನ ಮೇಲೂ ಸಿಟ್ಟು ಬಂತು. ಕೈಲಾಗದಿದ್ದರೆ ಸುಮ್ಮನಿರಬೇಕಿತ್ತು. ಒಂದು ಕೈಯಿದ್ದರೇನು, ಬಲಕ್ಕೊಂದು ಎಡಕ್ಕೊಂದು ಎನ್ನುವುದನ್ನು ಮರೆಯಲು ತಲೆಗೂ ಲಕ್ವ ಹೊಡೆದಿತ್ತೇ ಎಂದುಕೊಂಡೆ. ಹೌದು, ಸತ್ತ ಅಣ್ಣನ ಬಗ್ಗೆ ಹಾಗೆಯೇ ಅಂದುಕೊಂಡೆ.

ಎಲ್ಲವನ್ನೂ ಕಿತ್ತೆ. ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಹೊದಿಸಿ, ಅಂಟು ಮೆತ್ತಗಾದ ಹಾಗೆ ಚಾಕು ತೂರಿಸಿ, ಪಟ್ಟಿ ಪಟ್ಟಿಯಾಗಿ ಎಬ್ಬಿಸಿದೆ. ಕೊಳೆತ ಹಲ್ಲು ಕಿತ್ತ ಹಾಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಬೆನ್ನೆಲುಬನ್ನು ಎರಡು ದಪ್ಪ ಹಲಗೆಗಳ ನಡುವೆ ಬಿಗಿದು ಒಂದು ವಾರ ಇಟ್ಟು ನೆಟ್ಟಗೆ ಮಾಡಿದೆ. ಆಮೇಲೆ ಹೊಸ ಪಟ್ಟಿ ತರಿಸಿ, ಬಲಕ್ಕೊಂದು ಎಡಕ್ಕೊಂದು, ಅಣ್ಣ ಕಲಿಸಿದ ಹಾಗೆಯೇ ಹೊದಿಸಿದೆ. ಚಿಟಿಕೆ ಪುಟ್ಟಿಯೂ ಬೇಕಾಗಲಿಲ್ಲ. ಉಪ್ಪುಕಾಗದ ಹಾಕಿ ಉಜ್ಜಿ ಎಣ್ಣೆ ಸವರಿದಾಗ ಕೆನ್ನೆಯ ಹಾಗೆ ನುಣುಪಾಯಿತು. ಕಂಬ ನಿಲ್ಲಿಸಿ, ಹಗ್ಗ ಬಿಗಿದು, ಹಾಯಿ ಕಟ್ಟಿದೆ. ಅಣ್ಣ ಚೆನ್ನಾಗಿದ್ದಾಗ ಮಾಡಿದ್ದಕ್ಕಿಂತಲೂ ಒಂದು ಕೈ ಮೇಲೆಯೇ ಇತ್ತು.

ಕಿತ್ತದ್ದನ್ನೆಲ್ಲ ಕಸಕ್ಕೆ ಹಾಕಿದೆ. ಒಂದು ತುಂಡು ಮಾತ್ರ ಇಟ್ಟುಕೊಂಡೆ. ಮೂತಿಯ ಕಡೆಯ ಆರು ಪಟ್ಟಿಗಳು, ಅಂಟು ಅತಿಯಾಗಿದ್ದರಿಂದ ಬಿಡಿಸಲಾಗದೆ ಗೇಣುದ್ದದ ಒಂದೇ ಚೂರಾಗಿ ಎದ್ದುಬಂದಿದ್ದವು. ಪುಟ್ಟಿ, ಹೆಬ್ಬೆರಳಿನ ಗುರುತು, ಕೂದಲು ಎಲ್ಲವೂ ಅದರಲ್ಲೇ ಇದ್ದವು. ಅದನ್ನು ಸಂಘಕ್ಕೆ ಒಯ್ದು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಕೆಳಗೆ ದಪ್ಪಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ: ಹೀಗೆ ಮಾಡಬಾರದು. ಯಾರ ಘನಕಾರ್ಯವಿದು ಎಂದು ಎಲ್ಲರೂ ಕೇಳಿದರು. ಯಾವನೋ ಅಡ್ಡಕಸುಬಿಯದು, ಹಳೆಯ ಸಾಮಾನಿನಲ್ಲಿ ಸಿಕ್ಕಿತು ಎಂದೆ. ಅಣ್ಣನ ಹೆಸರು ಉಳಿಯಿತಲ್ಲ ಎಂಬ ಸಮಾಧಾನ. ಶನಿವಾರ ಶನಿವಾರ ಅದರ ಮುಂದೆ ನಿಂತು ನಗುವುದು ಸಂಘದ ಪದ್ಧತಿಯೇ ಆಯಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಪುಟ್ಟಿ ಮೇಷ್ಟ್ರು. ತಮಗಿಂತ ಕಡೆಯವನೊಬ್ಬ ಸಿಕ್ಕಿದನಲ್ಲ ಎಂದು ಅವರಿಗೆ ಜೀವ ಬಂದ ಹಾಗಾಗಿತ್ತು.

ಪ್ರದರ್ಶನದ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಅತ್ತಿಗೆ ಬಂದರು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಲೇ ಎಲ್ಲಿದೆ ಎಂದು ಕೇಳಿದರು. ಸಂಘದ ಹಾಲ್‌ನ ನಡುವಿನ ಮೇಜಿನ ಮೇಲೆ ಹಡಗಿತ್ತು, ಮುಂದೆ ಅಣ್ಣನ ಹೆಸರು. ನಾನು ಪಕ್ಕಕ್ಕೆ ಸರಿದು, ಹೊಗಳಿಕೆಗೆ ಕಾದು ನಿಂತೆ.

ಅವರು ಹಡಗಿನ ಒಂದು ಮಗ್ಗುಲು ನೋಡಿದರು. ಮೇಜು ಸುತ್ತಿ ಇನ್ನೊಂದು ಮಗ್ಗುಲು ನೋಡಿದರು. ಮತ್ತೆ ಮೊದಲಿನ ಕಡೆಗೆ ಬಂದರು. ಬೆರಳಿನಿಂದ ಪಟ್ಟಿಗಳನ್ನು ಸವರಿ ಏನನ್ನೋ ತಡಕಿದರು.

“ಇದು ಬೇರೆ ಹಡಗಲ್ವಾ?” ಎಂದರು.

ಅದೇ ಅತ್ತಿಗೆ, ಸ್ವಲ್ಪ ಸರಿಮಾಡಿದೆ ಎಂದೆ. ಅಷ್ಟರಲ್ಲಿ ಪುಟ್ಟಿ ಮೇಷ್ಟ್ರು ಬಂದರು. ದೊಡ್ಡ ಮನುಷ್ಯರ ಹೆಂಡತಿ, ಉಪಚರಿಸಬೇಕೆಂಬ ಹುಮ್ಮಸ್ಸು ಅವರಿಗೆ. ಯಜಮಾನರ ಕೈಕೆಲಸದ ಬೆಲೆ ತಿಳಿಯಬೇಕಾದರೆ ಇಲ್ಲಿ ನೋಡಬೇಕು ಎನ್ನುತ್ತ ಅತ್ತಿಗೆಯನ್ನು ಸೀದಾ ಗೋಡೆಯ ಹತ್ತಿರ ಕರೆದೊಯ್ದರು. ಇದು ಯಾವನೋ ಕೈಲಾಗದವನ ಕೆಲಸ, ನಾವೆಲ್ಲ ನೋಡಿ ನೋಡಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿದ್ದೇವೆ ಎಂದು ವಿವರಿಸಿದರು. ಕೂದಲನ್ನೂ ಬೊಟ್ಟುಮಾಡಿ ತೋರಿಸಿದರು.

ಅತ್ತಿಗೆ ಆ ತುಂಡಿನ ಮುಂದೆ ನಿಂತರು. ಅವರ ಜಡೆ ಬೆನ್ನ ಮೇಲಿತ್ತು, ಬೆಳ್ಳಗೆ, ಉದ್ದಕ್ಕೆ. ನಾನು ಆ ಕೂದಲನ್ನು ನೋಡಿದೆ, ಜಡೆಯನ್ನು ನೋಡಿದೆ. ಅಣ್ಣನ ತಲೆ ಐವತ್ತಕ್ಕೇ ಬೋಳಾಗಿತ್ತು. ಕೂದಲೆಳೆ ಹೆಚ್ಚುಕಮ್ಮಿಯಾದರೆ ಗೊತ್ತುಹಚ್ಚುವ ನನಗೆ ಕೂದಲೇ ಕಂಡಿರಲಿಲ್ಲ.

“ಈ ಅಕ್ಷರ ನಿಂದಲ್ವಾ?” ಎಂದರು ಅತ್ತಿಗೆ, ಚೀಟಿ ನೋಡುತ್ತ.

ಹೌದು ಅತ್ತಿಗೆ ಎಂದೆ.

“ಅವರ ಎಡಗೈ ಬಿದ್ದುಹೋಯ್ತಲ್ಲ, ಅಂಟಿಸ್ತಾ ಇದ್ದಿದ್ದು ನಾನೇ. ಅವರು ಹಡಗನ್ನ ಎದೆಗೆ ಒತ್ಕೊಂಡು ಬಲಗೈಲಿ ಹಿಡ್ಕೊಂಡಿರೋರು. ನನ್ನ ಕಡೆ ಇದ್ದ ಮಗ್ಗುಲು ಮಾತ್ರ ನನಗೆ ಸಿಗ್ತಿತ್ತು. ಸೊಟ್ಟಗಾಗ್ತಿದೆಯಲ್ಲ, ತಿರುಗಿಸಿ ಕೊಡಿ ಅಂದೆ. ಸೊಟ್ಟಗಾದ್ರೆ ಆಗ್ಲಿ ಬಿಡು, ನೀನು ಅಂಟಿಸು ಅಂದ್ರು.” ಅತ್ತಿಗೆ ಚೀಟಿಯಿಂದ ನನ್ನ ಕಡೆ ತಿರುಗಿದರು. “ತಮ್ಮನಿಗೆ ಮಾತ್ರ ಹೇಳ್ಬೇಡ, ಮೂಗು ಮುರೀತಾನೆ ಅಂತಾನೂ ಅಂದಿದ್ರು.”

ಪುಟ್ಟಿ ಮೇಷ್ಟ್ರ ಮುಖ ಸುಣ್ಣದ ಹಾಗಾಗಿತ್ತು. ಅವರು ತಲೆ ತಗ್ಗಿಸಿ, ತಪ್ಪಾಯಿತು ತಾಯಿ ಎಂದು ಕೈ ಮುಗಿದರು. ನನ್ನ ಕೈಗಳು ಹಾಗೆ ಮೇಲೆ ಬರಲಿಲ್ಲ. ಅಣ್ಣನಿಗೆ ಎಲ್ಲವೂ ಗೊತ್ತಿತ್ತು. ತಕ್ಕಡಿಯವನ ಕಣ್ಣೆದುರಿಗೇ ಹಡಗು ಒಂದು ಕಡೆ ವಾಲಿತ್ತು, ಅವನು ವಾಲಲು ಬಿಟ್ಟಿದ್ದ. ಎಂಟು ತಿಂಗಳು ಆ ಕೋಣೆಯಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ಮಾಡಿದ್ದನ್ನು ನಾನು ಸ್ಪಿರಿಟ್ಟು ಹಾಕಿ, ಖುಷಿಪಟ್ಟು, ಕಿತ್ತು ಕಸಕ್ಕೆ ಎಸೆದಿದ್ದೆ. ಬದುಕಿನಲ್ಲಿ ಎಷ್ಟೋ ಹೊಲಸು ಕಂಡು ಮುಖ ಸಿಂಡರಿಸಿದ್ದೇನೆ. ನನ್ನಷ್ಟು ಹೇಸಿಗೆಯವನನ್ನು ಕಂಡಿರಲಿಲ್ಲ.

ಅತ್ತಿಗೆ, ಮಿಕ್ಕದ್ದು ಎಲ್ಲಿ ಎಂದು ಕೇಳಿದರು. ಎಸೆದೆ ಎಂದೆ. ಅವರು ತಲೆಯಾಡಿಸಿದರು. ಕೈ ಎತ್ತಿ ತುಂಡನ್ನು ಮೊಳೆಯಿಂದ ಬಿಡಿಸಿಕೊಂಡು, ಮಡಿಸಿ ತಂದಿದ್ದ ಟವೆಲಿನಲ್ಲಿ ಸುತ್ತಿದರು. ಅದೇ ಟವೆಲು, ನಾನೇ ಒಗೆಸಿ ವಾಪಸು ಕಳಿಸಿದ್ದೆ. ಪ್ರದರ್ಶನ ಮುಗಿದ ಮೇಲೆ ಹಡಗನ್ನು ಹೊದಿಸಿ ಮನೆಗೆ ಒಯ್ಯಲೆಂದು ತಂದಿದ್ದರು.

ನಡುವಿನ ಮೇಜಿಗೆ ಹೋದರು, ಹಡಗನ್ನು ಮಾತ್ರ ಮುಟ್ಟಲಿಲ್ಲ. ಅವರು ಅದರ ಮುಂದಿದ್ದ ಅಣ್ಣನ ಹೆಸರಿನ ಹಿತ್ತಾಳೆ ಪಟ್ಟಿಯನ್ನೂ ಎತ್ತಿ ಟವೆಲಿನೊಳಗೆ ಸೇರಿಸಿದರು. ಆಮೇಲೆ ಗೋಡೆಯ ಹತ್ತಿರ ಹಿಂದಿರುಗಿ, ಚೀಟಿಯನ್ನು ಹರಿಯದ ಹಾಗೆ ನಿಧಾನವಾಗಿ ಕಿತ್ತು, ನನ್ನ ಅಂಗೈ ಬಿಡಿಸಿ ಅದರಲ್ಲಿಟ್ಟರು.

“ಇದು ನಿಂದು, ಇಟ್ಕೋಪ್ಪಾ” ಎಂದು ಮೆಟ್ಟಿಲಿಳಿದರು.