ತಾರಾಪುರದ ಅಳಿಯ

ಕಾಲಿಗೆ ಕೊಟ್ಟ ನೀರು ಅಂಗಳದಲ್ಲಿ ಎಮ್ಮೆಯ ಕಡೆಗೇ ಹರಿಯುತ್ತಿದೆಯಲ್ಲ, ಅಯ್ಯ ಶಿವನೇ, ಗಬ್ಬದ ಎಮ್ಮೆ — ಸತ್ತೆವ್ವ ಹಗ್ಗ ಬಿಚ್ಚಿ ಅದನ್ನು ಹಿತ್ತಲಿಗೆ ಎಳೆದಳು, ನಾಮದೇವ ಕಾಲು ತೊಳೆದ ನೀರು, ತಾರಾಪುರದ ಅಣುವಿದ್ಯುತ್ ಕಾರ್ಖಾನೆಯಲ್ಲಿ ಓಡಾಡುವ ಕಾಲು, ಥೂ, ತನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ, ಶೇಡಬಾಳದ ಅಣ್ಣನ ಮಗ, ತಾನೇ ಎತ್ತಿ ಆಡಿಸಿದ ಕೂಸು, ಆದರೂ ಅಂಜಿಕೆ ಬಿಡದು, ಹೋದ ವರ್ಷ ರಷ್ಯಾದಲ್ಲಿ ಅಂಥದೇ ಒಂದು ಸಿಡಿದು, ಗಾಳಿ ಬೀಸಿದ ದೇಶಗಳಲ್ಲಿ ಮಂದಿ ಹಿಂಡಿದ ಹಾಲು ಚೆಲ್ಲಿದರೆಂದು ರೇಡಿಯೋ ಹೇಳಿದಾಗ ಅವಳ ಕೈಯಲ್ಲಿ ಹಾಲಿನ ಚರಿಗೆಯಿತ್ತು, ಹಾಲು ಚೆಲ್ಲಲು ಯಾವ ಹೆಂಗಸಿಗೆ ಕೈ ಬಂದೀತು, ಅಂದಿನಿಂದ ನೆರೆಮನೆಯ ಲಗಮವ್ವನದು ಒಂದೇ ಹಾಡು, ಅಲ್ಲಿಗೆ ಮಗಳನ್ನ ಕೊಟ್ಟರ ತೊಟ್ಟಿಲಾ ಕಟ್ಟೂದಿಲ್ಲ ನೋಡವಾ, ನಾಮದೇವ ಕೇಳಿ ನಗುತ್ತಾನೆ, ಅತ್ತಿ, ಫ್ರಾನ್ಸಿನಾಗ ಮನಿಮನಿಗೆ ಇದರಿಂದನ ದೀಪ ಹತ್ತತಾವ, ಬಾಂಬ್ ಬಿದ್ದ ಜಪಾನದಾಗೂ ಕಟ್ಟ್ಯಾರ, ಅಲ್ಲಿ ಮಂದಿ ಹಡೆಯೂದಿಲ್ಲೇನು, ಹಂಗಾರ ಎಲ್ಲಾರೂ ಒಪ್ಪ್ಯಾರೇನಪಾ ಎಂದರೆ ಹುಡುಗನಿಗೆ ಸುಳ್ಳು ಬಾರದು, ಇಲ್ಲತ್ತಿ, ಆಸ್ಟ್ರಿಯಾ ಅನ್ನೂ ದೇಶದಾಗ ಕಟ್ಟಿ ಮುಗಿಸಿ, ಹಚ್ಚೂದೋ ಬ್ಯಾಡೋ ಅಂತ ಮಂದೀನ ಕೇಳಿದ್ರು, ಬ್ಯಾಡ ಅಂದ್ರು, ಹಂಗ ಬಿಟ್ಟಾರ — ಕೇಳಿದರಂತೆ! ಎಲ್ಲ ಕಟ್ಟಿ ನಿಲ್ಲಿಸಿದ ಮೇಲೂ ಕೇಳಿದರಂತೆ, ಒಳಗಿಂದ ಅಣ್ಣನ ಹೆಂಡತಿ, ವೈನಿ ಸುಂದರಾ ಕೂಗುತ್ತಾಳೆ, ಬಾರ ಸತ್ತೆವ್ವಾ, ಸಾಕರಪುಡಾದ ಹೊತ್ತಾತು, ಹುಡುಗಿ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಲಗ್ನ ಗಟ್ಟಿ, ಆಮೇಲೆ ತಿರುಗಿ ಬಿದ್ದರೆ ಸತ್ತೆವ್ವನಿಗೆ ತವರಿನ ಬಾಗಿಲು ಮುಚ್ಚಿದ ಹಾಗೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ, ಒಳಗೆ ಬಂದರೆ ಮಣೆಯ ಮೇಲೆ ಮಗಳು ಮಂಗಲ ಕುಳಿತಿದ್ದಾಳೆ, ಅಂಗೈ ಚಾಚಿದ್ದಾಳೆ, ವೈನಿ ಸಕ್ಕರೆ ಸುರಿದೇಬಿಟ್ಟಳು, ಈ ಹುಡುಗಿಯನ್ನು ಯಾರಾದರೂ ಕೇಳಿದರೇ, ಅಪ್ಪ ಕೇಳಲಿಲ್ಲ, ಸೋದರಮಾವ ಕೇಳಲಿಲ್ಲ, ಹೆತ್ತವಳು ಎಮ್ಮೆಯನ್ನು ಸರಿಸಿದಳು, ಮಗಳನ್ನು ಕೇಳಲಿಲ್ಲ — ಮಂಗಲಾ, ನಿನಗ ಒಪ್ಪಿಗಿ ಐತೇನ? ಅಯ್ಯೋ, ಇದು ತನ್ನದೇ ದನಿ, ವೈನಿಯ ಮುಖ ಕಪ್ಪಿಟ್ಟಿತು, ನಾಮದೇವ ನೆಲ ನೋಡುತ್ತಾನೆ, ಅಣ್ಣ ಎದ್ದೇ ನಿಂತ, ಏ ಹುಚ್ಚಿ, ಸಕ್ಕರಿ ಕೈಯಾಗ ಹಾಕಿದ ಮ್ಯಾಲ ಕೇಳತೀಯೇನ, ಮಂಗಲ ಮಾತ್ರ ಯಾರನ್ನೂ ನೋಡುತ್ತಿಲ್ಲ, ತಾಯಿಯನ್ನೇ ನೋಡುತ್ತಾಳೆ, ಮೆಲ್ಲಗೆ, ಯವ್ವಾ, ನಾ ಒಲ್ಲೆ ಅಂದ್ರ ನೀ ತಡಕೊಂತೀಯೇನ?

ತಡಕೊಂತೀನಿ ಅನ್ನಬೇಕು, ಅನ್ನು, ಅಣ್ಣ ನಿಂತಿದ್ದಾನೆ, ತವರು — ಆ ಅಂಗೈ, ಮಡಚುತ್ತಿಲ್ಲ, ಬಾಯಿಗೂ ಹೋಗುತ್ತಿಲ್ಲ, ಬೆವರಿಗೆ ಸಕ್ಕರೆ ಒದ್ದೆಯಾಗುತ್ತಿದೆ, ಆ ಅಂಗೈ, ಇನ್ನೂ ಚಾಚಿಯೇ ಇದೆ, ಆ ಅಂಗೈ