ಎರಡನೇ ಮಡಿಕೆ

ಅಣ್ಣನ ದೋಣಿ ಗೆಲ್ಲುತ್ತದೆಂದು ಬೆಳಗಾಗುತ್ತಲೇ ಬೀದಿಗೆಲ್ಲ ಗೊತ್ತಾಗಿಬಿಟ್ಟಿತ್ತು. ಮಹಾಸಾಗರ ದಾಟಿ ಬರುವ ಹಾಯಿದೋಣಿಗಳ ರೇಸು ಮುಗಿಯುವುದು ಇವರ ಬಂದರಿನ ಬಾಯಲ್ಲೇ; ಉಳಿದ ದೋಣಿಗಳು ಹಿಂದೆ ಏದುಸಿರು ಬಿಡುತ್ತಿದ್ದವು. ಇದೇ ರೇಸಿನಲ್ಲಿ ಮೂರು ಸಲ ಸೋತು, ಮಂಡಿ ಸವೆಸಿಕೊಂಡು, 'ಇದೇ ಕೊನೆ' ಎಂದು ಹೊರಟಿದ್ದ ಅಣ್ಣ ಈ ಸಲ ಜೊತೆಗೆ ತಂಗಿಯ ಗಂಡನನ್ನು ಕರೆದುಕೊಂಡಿದ್ದ. ದೋಣಿಯಲ್ಲಿ ಇವರಿಬ್ಬರೇ. ಹಾಯಿ ಹೊಲಿದುಕೊಟ್ಟವಳು ತಂಗಿ. ತಲೆಗೂದಲು ನರೆತರೂ ಅಣ್ಣನ ಬಾಯಲ್ಲಿ ಅವಳಿನ್ನೂ ಪುಟ್ಟಿ.

ಗೆದ್ದವರನ್ನು ನೋಡಲು ನೆಂಟರಿಷ್ಟರೆಲ್ಲ ಹೊಲಿಗೆ ಮಳಿಗೆಗೇ ನುಗ್ಗುತ್ತಾರೆಂದು ಪುಟ್ಟಿ ಪೊರಕೆ ಹಿಡಿದಿದ್ದಳು. ಕಿಟಕಿಯ ಪಕ್ಕ ಕುಳಿತ ಅತ್ತೆ, ಫೋನಿನ ನಕ್ಷೆಯಲ್ಲಿ ದೋಣಿಯನ್ನು ತೋರುವ ನೀಲಿ ಚುಕ್ಕಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ತಾವು ಆಕಳಿಸಿದರೆ ಸಾಕು, ಮಗ ದಾರಿ ತಪ್ಪುತ್ತಾನೆಂದು ಅವರ ನಂಬಿಕೆ. ಯಂತ್ರದ ಕಾಲಿನ ಹಿಂದೆ ಪೊರಕೆಗೆ ಏನೋ ಸಿಕ್ಕಿತು. ಪುಟ್ಟಿ ಬಗ್ಗಿ ಎಳೆದಳು. ಅಂಗೈಯಗಲದ ದಪ್ಪ ಬಿಳಿ ಪಟ್ಟಿ. ಅದರ ಮೇಲೆ ಪೆನ್ಸಿಲಿನಲ್ಲಿ ಅವಳದೇ ಕೈಬರಹ: ಎರಡನೇ ಮಡಿಕೆ, ಹಿಂದಿನ ಮೂಲೆ.

ಆ ಪಟ್ಟಿ ಇಲ್ಲಿರಬಾರದಿತ್ತು.

ಗಾಳಿ ಜೋರಾದರೆ ದೊಡ್ಡ ಹಾಯಿಯನ್ನು ಒಂದು ಮಡಿಕೆ ಇಳಿಸಿ ಕಟ್ಟುತ್ತಾರೆ. ಇನ್ನೂ ಜೋರಾದರೆ ಎರಡನೆಯದು. ಆಗ ಇಡೀ ಹಾಯಿಯ ಜಗ್ಗಾಟವೆಲ್ಲ ಮೂಲೆಯ ಒಂದು ಉಕ್ಕಿನ ಬಳೆಯ ಮೇಲೆ. ಆ ಬಳೆಯನ್ನು ಹಿಡಿದಿಡಬೇಕಾದದ್ದು ಈ ಪಟ್ಟಿ. ಮಳಿಗೆಯಲ್ಲೊಂದು ಪದ್ಧತಿಯಿತ್ತು: ಕೆಲಸ ಬಾಕಿಯಿರುವ ಮೂಲೆಗೆ ಹಳದಿ ಟೇಪು, ಪಟ್ಟಿ ಹೊಲಿದ ಮೇಲೆಯೇ ಅದನ್ನು ಕೀಳುವುದು. ರೇಸಿನ ಕಚೇರಿಯವರು ಅಳತೆಗೆ ಬಂದ ದಿನ, ಹಾಯಿಗೆ ಏನೂ ಅಂಟಿರಬಾರದೆಂದು ಪುಟ್ಟಿಯೇ ಟೇಪು ಕಿತ್ತಿದ್ದಳು. ಅವರು ಹೋದ ಮೇಲೆ ಮತ್ತೆ ಅಂಟಿಸಲಿಲ್ಲ. ಮರುದಿನ ನೋಡಿದರೆ ಟೇಪಿಲ್ಲ. ಟೇಪಿಲ್ಲವೆಂದರೆ ಕೆಲಸ ಮುಗಿದಿದೆ. ತನ್ನ ಪದ್ಧತಿಯನ್ನು ತಾನೇ ಕಣ್ಣುಮುಚ್ಚಿ ನಂಬಿ, ಹಾಯಿಯನ್ನು ಸುತ್ತಿ ಕಳಿಸಿಬಿಟ್ಟಿದ್ದಳು.

ಕಿಟಕಿಯಾಚೆ ಕಡಲಿನ ಮೇಲೆ ಮೋಡ ಕಪ್ಪಿಟ್ಟಿತ್ತು.

"ಅತ್ತೆ, ದೊಡ್ಡ ಗಾಳಿ ಬರ್ತಿದೆ. ಎರಡನೇ ಮಡಿಕೆ ಹಾಕೇ ಹಾಕ್ತಾರೆ. ಬಳೆ ಕಿತ್ತುಬಂದ್ರೆ ಹಾಯಿಯ ಅಡ್ಡಮರ ಧಡ್ ಅಂತ ಬೀಳುತ್ತೆ. ಅದರ ಕೆಳಗೇ ನಿಮ್ಮ ಮಗ ನಿಂತಿರೋದು."

"ಹಾಗಾದ್ರೆ ಫೋನ್ ಮಾಡೇ! ನನ್ನ ಮುಖ ಏನ್ ನೋಡ್ತೀಯ?"

"ಮಾಡಿದ್ರೆ ಅಣ್ಣ ಸೋಲ್ತಾನೆ."

ಫಜೀತಿಯಿದ್ದದ್ದೇ ಅಲ್ಲಿ. ದೋಣಿಯವರು ಮನೆಗೆ ಏನು ಬೇಕಾದರೂ ಹೇಳಿಕೊಳ್ಳಬಹುದು. ಆದರೆ ದಡದವರು ಗಾಳಿ, ದಾರಿ, ಹಾಯಿ ಎಂದು ಬಾಯಿಬಿಟ್ಟರೋ, ಅದು ಹೊರಗಿನವರ ನೆರವು. ಉಪಯೋಗಕ್ಕೆ ಬರಲಿ ಬಿಡಲಿ, ಕೇಳಿಸಿಕೊಂಡ ದೋಣಿಯ ಹೊತ್ತಿಗೆ ಅರ್ಧ ದಿನ ಸೇರಿಸುವ ದಂಡ. ಹಿಂದಿನ ದೋಣಿ ಅಷ್ಟು ದೂರವಿರಲಿಲ್ಲ.

ಅತ್ತೆ ಫೋನನ್ನು ಮಡಿಲಲ್ಲಿ ಬೋರಲು ಹಾಕಿದರು. "ಮಾಡು ಅಂದ್ರೆ ನಿಮ್ಮಣ್ಣನ ಆಸೆಗೆ ಕಲ್ಲು ಹಾಕಿದ ಹಾಗೆ. ಬೇಡ ಅಂದ್ರೆ... ನನ್ನ ಕೇಳಬೇಡಮ್ಮ."

ಗಾಳಿ ಪಕ್ಕಕ್ಕೆ ಸರಿದು ಹೋದೀತು. ಇಷ್ಟು ದಿನ ನಿಂತ ಮೂಲೆ ಇನ್ನೊಂದಿಷ್ಟು ಹೊತ್ತು ನಿಲ್ಲಲಾರದೇ? ಹೀಗೆಂದು ಪುಟ್ಟಿ ತನ್ನ ಮನಸ್ಸಿಗೆ ತಾನೇ ಪೂಸಿ ಹೊಡೆದು ನೋಡಿದಳು. ಅದು ಬಗ್ಗಲಿಲ್ಲ. ಅಡ್ಡಮರದ ಕೆಳಗೆ ಕತ್ತೆತ್ತಿ ನಿಂತ ಗಂಡನೇ ಕಾಣುತ್ತಿದ್ದ. ದೋಣಿಯಲ್ಲಿದ್ದ ಉಪಗ್ರಹ ಫೋನಿನ ನಂಬರು ಒತ್ತಿದಳು.

"ಏನ್ ಪುಟ್ಟೀ?" ಅಣ್ಣ ಗಾಳಿಯನ್ನು ಮೀರಿಸಿ ಕೂಗಿದ. ದನಿಯಲ್ಲಿ ಗೆಲುವು ಆಗಲೇ ಕುಣಿಯುತ್ತಿತ್ತು.

"ಅಣ್ಣಾ, ಎರಡನೇ ಮಡಿಕೆ ಹಾಕಬೇಡಿ. ಹಿಂದಿನ ಮೂಲೆಗೆ ಪಟ್ಟಿ ಹೊಲಿದಿಲ್ಲ. ತಪ್ಪು ನಂದೇ."

"ಗೊತ್ತು ಕಣೇ," ಎಂದ ಅಣ್ಣ. "ಹೊರಟ ವಾರದಲ್ಲೇ ಕಿತ್ತುಬಂತು. ಸದ್ಯ, ಯಾರಿಗೂ ಬಡೀಲಿಲ್ಲ. ನಿನ್ನ ಗಂಡ ಕೂತು ಕೈಯಲ್ಲೇ ಹೊಲಿದ. ಈಗ್ಲೂ ಎರಡನೇ ಮಡಿಕೇಲೇ ಬರ್ತಿದ್ದೀವಿ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಅವನೇ ಬೇಡ ಅಂದ. ಕೊರಗ್ತಾಳೆ ಅಂತ."

"ಅಣ್ಣಾ, ಇಲ್ಲಿ ಅತ್ತೆ ಬಿಟ್ರೆ ಯಾರೂ ಇಲ್ಲ. ಯಾರೂ ಕೇಳಿಸ್ಕೊಂಡಿಲ್ಲ."

"ನಾನು ಕೇಳಿಸ್ಕೊಂಡೆನಲ್ಲ ಪುಟ್ಟೀ," ಎಂದು ಅಣ್ಣ ಫೋನಿಟ್ಟ.

ಸಂಜೆಗೆ ದೋಣಿ ಎಲ್ಲರಿಗಿಂತ ಮೊದಲು ಗೆರೆ ದಾಟಿತು. ಹಡಗುಗಳು ಕೊಂಬು ಊದಿದವು, ಜನ ಶಿಳ್ಳೆ ಹೊಡೆದರು, ಗುರುತಿಲ್ಲದವರೆಲ್ಲ ಪುಟ್ಟಿಯ ಕೈ ಕುಲುಕಿದರು. ಯಾರಾದರೂ ತನಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಅಣ್ಣ ದಡಕ್ಕೆ ಇಳಿದವನೇ ಫೋಟೋದವರನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಮೆಟ್ಟಿಲಿಗೆ ಮಂಡಿ ಹಿಡಿದುಕೊಳ್ಳುತ್ತ ರೇಸಿನ ಕಚೇರಿಗೆ ಹತ್ತಿದ.

ಗಂಡ ಅವಳ ಮುಂದೆ ಬಂದು ನಿಂತ. ಗಡ್ಡ ಬೆಳೆದು, ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು. ಅವನನ್ನು ಇಡಿಯಾಗಿ ಕಂಡು ಅವಳಿಗೆ ಅಳು ಒತ್ತರಿಸಿ ಬಂತು. ಜೊತೆಗೇ ಸಿಟ್ಟೂ ಬಂತು.

"ಹೇಳಿದ್ದಿದ್ರೆ ನೀನು ದಿನಾ ನಿದ್ದೆಗೆಡ್ತಿದ್ದೆ," ಎಂದ ಅವನು ಮೆಲ್ಲಗೆ. "ನಿನ್ನ ಒಳ್ಳೇದಕ್ಕೇ..."

"ನಿದ್ದೆಗೆಡ್ತಿದ್ದೆ, ಹೌದು. ಅಣ್ಣ ಗೆಲ್ತಿದ್ದ."

ಅಷ್ಟರಲ್ಲಿ ಧ್ವನಿವರ್ಧಕ ಕೆಮ್ಮಿ, ದಂಡದ ವಿಷಯ ಹೇಳಿತು. ಜನ ಏನು, ಏನೆಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಆಮೇಲೆ ಹಿಂದಿನ ದೋಣಿ ಯಾವಾಗ ಬರುತ್ತದೆಂದು ಮಾತಾಡಿಕೊಳ್ಳುತ್ತ ಧಕ್ಕೆಯ ಆ ತುದಿಗೆ ಹೊರಟರು.

ಅಣ್ಣ ಕೆಳಗಿಳಿದು ಬಂದ. ಪುಟ್ಟಿ ತಲೆ ತಗ್ಗಿಸಿ ಕಾದಳು. ಚಿಕ್ಕಂದಿನಲ್ಲಿ ಅವನ ಗಾಳಿಪಟ ಹರಿದದ್ದಕ್ಕೆ ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಬಂದವನು ಅವನು. ಈಗ ಅಷ್ಟು ಬೈದರೂ ಸಾಕು, ಬದುಕಿಕೊಳ್ಳುತ್ತಿದ್ದಳು.

"ಮನೇಲಿ ಊಟಕ್ಕೇನಿದೆ?" ಎಂದು ಕೇಳಿದ ಅಣ್ಣ, ಉತ್ತರಕ್ಕೆ ಕಾಯದೆ, ದೋಣಿಯ ಕಡೆ ತಿರುಗಿಯೂ ನೋಡದೆ ಮುಂದೆ ನಡೆದ.