ಓದದೆ ಒತ್ತಿದ ಮುದ್ರೆ

ನಾನು ಒಂದು ರಬ್ಬರ್ ಮುದ್ರೆ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ, ಗೋಡೆಗಂಟಿಕೊಂಡ ಪುಟ್ಟ ಅಂಗಡಿಯಲ್ಲಿ ಹುಟ್ಟಿದೆ. ಸಾಗುವಾನಿಯ ಹಿಡಿಕೆ, ಅಡಿಯಲ್ಲಿ ತಿರುವುಮುರುವಾಗಿ ಕೊರೆದ ಒಂದೇ ಪದ: ‘ಪರಿಶೀಲಿಸಲಾಗಿದೆ’.

ನನ್ನನ್ನು ಮಾಡಿಸಿದವರು ಊರಿನ ಒಂದು ಕಚೇರಿಯಲ್ಲಿ ಪರಿಶೀಲನೆ ಮಾಡುತ್ತಿದ್ದ ತಾವರಗೇರಿ ಎಂಬ ಹಿರಿಯರು. ಆಸ್ಪತ್ರೆಗಳು ಬಳಸುವ ಹಳೆಯ ಸಾಫ್ಟ್‌ವೇರನ್ನು ರಿಪೇರಿ ಮಾಡಿ, ಕೇಳಿದಂತೆ ಬದಲಿಸಿಕೊಡುವುದು ಅವರ ಕಚೇರಿಯ ಕೆಲಸ. ಪ್ರತಿ ಬದಲಾವಣೆಗೂ ಒಂದು ಹಾಳೆ. ಬರೆದವರಲ್ಲದೆ ಇನ್ನೊಬ್ಬರು ಅದನ್ನು ಸಾಲುಸಾಲಾಗಿ ಓದಿ, ಆ ಬದಲಾವಣೆಯನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಿದ ಮೇಲೆಯೇ ನನ್ನ ಸರದಿ. ತಾವರಗೇರಿಯವರಿಗೆ ಒಂದು ಹಾಳೆಗೆ ಎರಡು ದಿನ ಬೇಕಾಗುತ್ತಿತ್ತು. ಯಾರಾದರೂ ಅವಸರ ಮಾಡಿದರೆ, “ತಡ ಆದ್ರ ಬೈಸ್ಕೊಳ್ಳೋಣು ಬಿಡ್ರಿ” ಎನ್ನುತ್ತಿದ್ದರು.

ನಿವೃತ್ತರಾಗುವಾಗ ನನ್ನನ್ನು ತಮ್ಮ ಶಿಷ್ಯೆ ವಿಶಾಲಾಕ್ಷಿ ಹೂಗಾರಳ ಕೈಗಿಟ್ಟರು. ಬೇರೆಯವರಿಗೆ ಸಿಗಬಾರದೆಂದು ಆಕೆ ನನ್ನನ್ನು ತನ್ನ ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಹೊಸ ಮುಖ್ಯಸ್ಥರಾಗಿ ಮಿಸ್ಕಿನ್ ಸಾಹೇಬರು ಬಂದರು. ಕೆಟ್ಟವರೇನಲ್ಲ. ಗೋಡೆಗೊಂದು ಪಟ್ಟಿ ತೂಗುಹಾಕಿದರು: ಹೇಳಿದ ದಿನಕ್ಕೆ ಮುಗಿದ ಕೆಲಸಕ್ಕೆ ಹಸಿರು, ತಪ್ಪಿದ್ದಕ್ಕೆ ಕೆಂಪು. ಆ ವರ್ಷ ಹೊರಗಿನ ತಂಡವೊಂದು ಬಂದು, ಕಚೇರಿಯ ಕೆಲಸದ ಕ್ರಮ ಎಷ್ಟು ಪಕ್ವವಾಗಿದೆ ಎಂದು ಅಳೆದು ದರ್ಜೆ ಕೊಡುವುದಿತ್ತು.

“ನಾಳೆ ಅವ್ರು ಬರ್ತಾರ್ರಿ. ಹನ್ನೊಂದು ಹಾಳಿ ಹಂಗ ಬಿದ್ದಾವು. ಎಲ್ಲಾದಕ್ಕೂ ಮುದ್ರಿ ಆಗಬೇಕು” ಎಂದರು ಸಾಹೇಬರು.

“ಓದಬೇಕಲ್ರೀ ಸರ್?”

“ಆಮ್ಯಾಲೆ ಓದ್ರಿ.”

ವಿಶಾಲಾಕ್ಷಿ ಹನ್ನೊಂದು ಸಲ ಒತ್ತಿದಳು. ನಾನಾದರೂ ಮಸುಕಾಗಬಹುದಿತ್ತು, ಒಂದು ಅಕ್ಷರವೂ ಕೆಡದಂತೆ ಮೂಡಿದೆ.

ದರ್ಜೆ ಸಿಕ್ಕಿತು, ಪೇಢೆ ಹಂಚಿದರು. ಓದುವ ದಿನ ಮಾತ್ರ ಬರಲಿಲ್ಲ.

ಮೂರು ವಾರಕ್ಕೆ ಆಸ್ಪತ್ರೆಯೊಂದರಿಂದ ಫೋನ್ ಬಂತು. ಆ ಹನ್ನೊಂದರಲ್ಲೊಂದು ಬದಲಾವಣೆಯಿಂದಾಗಿ, ಫೋನ್ ನಂಬರ್ ಬದಲಿಸಿದ ರೋಗಿಗಳ ಹೆಸರು ಡಯಾಲಿಸಿಸ್ ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. ನವಲಗುಂದದ ಬಸಪ್ಪ ಕಮ್ಮಾರ ಎರಡು ಸಲ ಬಂದು ಚಿಕಿತ್ಸೆ ಸಿಗದೆ ಮರಳಿದ್ದ. ಮೂರನೆಯ ಸಲ ಉಸಿರು ಕಟ್ಟಿ ಆಂಬುಲೆನ್ಸಿನಲ್ಲಿ ಬಂದ.

ವಿಶಾಲಾಕ್ಷಿ ಆಸ್ಪತ್ರೆಗೆ ಓಡಿದಳು. ಬಾಗಿಲ ಹೊರಗೆ ಕೂತಿದ್ದ ಬಸಪ್ಪನ ಹೆಂಡತಿ, ಈಕೆ ಯಾರೆಂದೂ ಕೇಳದೆ ಹೇಳಿದಳು: “ಕಂಪ್ಯೂಟರಿನ್ಯಾಗ ಹೆಸರಿಲ್ಲಂದ್ರು. ನಾವ ಏನೋ ತಪ್ಪು ಮಾಡೀವಿ ಅಂತ ಹೊಳ್ಳಿ ಹೋದ್ವಿ.” ಆ ಮಾತು ಚೀಲದೊಳಗಿದ್ದ ನನಗೂ ಕೇಳಿಸಿತು. ಮುದ್ರೆ ಒತ್ತಿದವಳು ತಾನೇ ಎನ್ನದೆ ವಿಶಾಲಾಕ್ಷಿ ಕಚೇರಿಗೆ ಮರಳಿ, ಆ ಹಾಳೆಯನ್ನು ಹುಡುಕಿ ತೆಗೆದಳು.

ಮರುದಿನದ ಸಭೆಯಲ್ಲಿ ಸಾಹೇಬರು, ಪ್ರೋಗ್ರಾಂ ಬರೆದವನದೇ ತಪ್ಪು ಎಂದರು. ವಿಶಾಲಾಕ್ಷಿ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಬರದವರ ತಪ್ಪು ಹಿಡೀಲಿ ಅಂತನ ನನ್ನ ಇಟ್ಟೀರಿ ಸರ್. ನಾ ಇದನ್ನ ಓದಿಲ್ಲ. ಓದೀನಿ ಅಂತ ಮುದ್ರಿ ಒತ್ತೀನಿ.”

ಉಳಿದ ಹತ್ತನ್ನೂ ಆಕೆ ಓದಿದಳು, ಮೂರರಲ್ಲಿ ತಪ್ಪಿತ್ತು. ಗೋಡೆಯ ಪಟ್ಟಿಯಲ್ಲಿ ಹಸಿರಾದ ಕೆಲಸಗಳ ಲೆಕ್ಕವನ್ನೂ ಬರೆದಳು: ಅರ್ಧದಷ್ಟು ತಪ್ಪಿನಿಂದಾಗಿ ಗಿರಾಕಿಗಳಿಂದ ವಾಪಸ್ ಬಂದು, ಮತ್ತೆ ಮಾಡಿಸಿಕೊಂಡಿದ್ದವು. ಆ ದಿನಗಳನ್ನೂ ಕೂಡಿಸಿದರೆ, ತಾವರಗೇರಿಯವರ ಕಾಲದಲ್ಲೇ ಕೆಲಸ ಬೇಗ ಮುಗಿಯುತ್ತಿತ್ತು. ಸಾಹೇಬರು ಆ ಲೆಕ್ಕವನ್ನು ಎರಡು ಸಲ ಓದಿದರು. ಗೋಡೆಯ ಪಟ್ಟಿಯನ್ನು ತಾವೇ ಇಳಿಸಿ, ದರ್ಜೆ ಕೊಟ್ಟವರಿಗೆ ನಡೆದದ್ದನ್ನು ಬರೆದರು. ದರ್ಜೆ ಹೋಯಿತು. ಅಂದಿನಿಂದ ಗಿರಾಕಿಗೆ ಕೊಡುವ ಗಡುವಿನಲ್ಲೇ ಓದುವ ಎರಡು ದಿನವೂ ಸೇರಿತು.

ಬಸಪ್ಪ ಬದುಕಿದ, ಕುಲುಮೆಯ ಮುಂದೆ ಕೂರುವ ಶಕ್ತಿ ಮಾತ್ರ ಮರಳಲಿಲ್ಲ. ವಿಶಾಲಾಕ್ಷಿ ನವಲಗುಂದಕ್ಕೆ ಹೋಗಿ ಅವನ ಹೆಂಡತಿಗೆ ನಿಜ ಹೇಳಿದಳು. ಆಕೆ “ಹಂಗಾರ ನಮ್ಮ ತಪ್ಪಲ್ಲ” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ವಿಶಾಲಾಕ್ಷಿ ಕೇಳಲೂ ಇಲ್ಲ.

ಈಗ ಬದಲಾವಣೆಯನ್ನು ಓದಿ ನೋಡಿದವರು ಕಂಪ್ಯೂಟರಿನಲ್ಲೇ ತಮ್ಮ ಹೆಸರು ಬರೆಯುತ್ತಾರೆ. ನಾನು ಡ್ರಾಯರಿನ ಮೂಲೆಯಲ್ಲಿ ಬಿರುಕು ಬಿಡುತ್ತ ಬಿದ್ದಿದ್ದೇನೆ. ಒತ್ತಿದ್ದು ಆಕೆಯ ಕೈ, ಒತ್ತಿಸಿದ್ದು ಸಾಹೇಬರ ಮಾತು ಎಂದುಕೊಂಡು ಹಗುರಾಗಲು ನೋಡುತ್ತೇನೆ. ಆಗುವುದಿಲ್ಲ. ಹಾಳೆಯ ಮೇಲೆ ಆ ಸುಳ್ಳನ್ನು ಹೇಳಿದ್ದು ನನ್ನ ಅಕ್ಷರಗಳೇ.